ಎದೆಬಡಿತದ ಗೆರೆ ಕಲ್ಲುಗುಂಡಿಗೆ ಬಂದ ದಾರಿ

2018ರ ಆಗಸ್ಟ್ 17ರಂದು ಮಡಿಕೇರಿ–ಸಂಪಾಜೆ ನಡುವಿನ ಜೋಡುಪಾಲದಲ್ಲಿ ಗುಡ್ಡ ಜರಿಯಿತು. ಮಣ್ಣು, ಮರ, ಬಂಡೆ, ಮನೆ ಒಂದನ್ನೊಂದು ನೂಕಿಕೊಂಡು ತಗ್ಗಿಗೆ ಇಳಿದವು. ಜೀವಗಳೂ ಹೋದವು. ಮಾಣಿ–ಮೈಸೂರು ಹೆದ್ದಾರಿ ಘಟ್ಟದ ಮಧ್ಯೆಯೇ ತುಂಡಾಯಿತು. ಉಟ್ಟ ಬಟ್ಟೆಯಲ್ಲೇ ಇಳಿದು ಬಂದವರಿಗಾಗಿ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಪರಿಹಾರ ಕೇಂದ್ರಗಳು ತೆರೆದವು. ವಾರಗಟ್ಟಲೆ ಆ ದಾರಿಯಲ್ಲಿ ಬಸ್ಸು, ಲಾರಿ ಓಡಲಿಲ್ಲ. ಕಲ್ಲುಗುಂಡಿಯ ಪಾಲಿಗೆ ಮೂಡುದಿಕ್ಕಿನ ಬಾಗಿಲೇ ಮುಚ್ಚಿದಂತಾಗಿತ್ತು. ಆಸ್ಪತ್ರೆ ಎಂದರೆ ಸುಳ್ಯ. ಅಲ್ಲಿಗೂ ನಿಲುಕದ ಕಾಯಿಲೆಯಾದರೆ ಪುತ್ತೂರು, ಮಾಣಿ ದಾಟಿ ಸುಮಾರು ನೂರು ಕಿಲೋಮೀಟರ್ ಆಚೆಗಿನ ಮಂಗಳೂರು.

ಸುಳ್ಯ ತಾಲೂಕಿನ ಅಂಚಿನಲ್ಲಿರುವ ಕಲ್ಲುಗುಂಡಿ ಪೇಟೆಯನ್ನು ಹೊರಗಿನವರು ಬಸ್ಸಿನ ಕಿಟಕಿಯಿಂದ ನೋಡಿರುವುದೇ ಹೆಚ್ಚು. ಪಕ್ಕದಲ್ಲಿ ಕಾಸರಗೋಡಿನತ್ತ ಹರಿಯುವ ಪಯಸ್ವಿನಿ, ಸುತ್ತ ಅಡಿಕೆ ತೋಟ, ರಬ್ಬರ್, ಮೇಲೆ ಕೊಡಗಿನ ಕಾಡು. ಯಕ್ಷಗಾನದವರಿಗೆ ಸಂಪಾಜೆ ಯಕ್ಷೋತ್ಸವದಿಂದ ಈ ಊರು ಗೊತ್ತು, ಕೃಷಿ ವಿಜ್ಞಾನಿಗಳಿಗೆ ಅಡಿಕೆಯ ಹಳದಿ ಎಲೆ ರೋಗದಿಂದ. ಅಡಿಕೆ ಮರದ ರೋಗದ ಬಗ್ಗೆ ಇಲ್ಲಿ ದಶಕಗಳಿಂದ ಅಧ್ಯಯನ ನಡೆದಿದೆ. ಮರ ಹತ್ತುವವನ ಎದೆಯ ಬಗ್ಗೆ ಯಾರಾದರೂ ಅಷ್ಟೇ ಆಸಕ್ತಿಯಿಂದ ವಿಚಾರಿಸತೊಡಗಿದ್ದು ತೀರಾ ಈಚೆಗೆ.

ಅದೇ 2018ರಲ್ಲಿ ಇನ್ನೆರಡು ಸಂಗತಿಗಳು ನಡೆದವು. ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರನ್ನು ಸೇರಿಸಿ ವಾಟ್ಸ್‌ಆ್ಯಪ್ ಗುಂಪೊಂದನ್ನು ಕಟ್ಟಿ, ಅದಕ್ಕೆ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂದು ಹೆಸರಿಟ್ಟರು. ಸೆಪ್ಟೆಂಬರಿನಲ್ಲಿ ಅಮೆರಿಕದ ಆ್ಯಪಲ್ ಕಂಪನಿ ಇಸಿಜಿ ತೆಗೆಯುವ ಕೈಗಡಿಯಾರವನ್ನು ಜಗತ್ತಿಗೆ ತೋರಿಸಿತು. ಎರಡನೆಯದು ಎಲ್ಲ ಪತ್ರಿಕೆಗಳಲ್ಲೂ ಬಂತು. ಕಲ್ಲುಗುಂಡಿಯಂಥ ಊರಿಗೆ ಕೆಲಸಕ್ಕೆ ಬಂದದ್ದು ಮಾತ್ರ ಮೊದಲನೆಯ ದಾರಿ. ಏಕೆ ಹಾಗಾಯಿತು ಎಂದು ತಿಳಿಯಲು ನೂರು ವರ್ಷಕ್ಕೂ ಹಿಂದೆ ಹೋಗಬೇಕು.

*

ಇಸಿಜಿ ಯಂತ್ರ ಹುಟ್ಟಿದ್ದೇ ದೂರದ ತಕರಾರನ್ನು ಜೊತೆಗಿಟ್ಟುಕೊಂಡು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವನ್ ರೂಪಿಸಿದ ತಂತಿ ಗ್ಯಾಲ್ವನೋಮೀಟರ್ ಸುಮಾರು 270 ಕಿಲೋ ತೂಗುತ್ತಿತ್ತು. ನಡೆಸಲು ಐದು ಜನ ಬೇಕು, ಅದರ ವಿದ್ಯುತ್ ಅಯಸ್ಕಾಂತ ಕಾಯದಂತೆ ನೀರು ಹರಿಸುತ್ತಿರಬೇಕು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಯಂತ್ರವಿದ್ದದ್ದು ಪ್ರಯೋಗಾಲಯದಲ್ಲಿ, ರೋಗಿಗಳಿದ್ದದ್ದು ಒಂದೂವರೆ ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ. ಯಂತ್ರವನ್ನು ಹೊರುವಂತಿಲ್ಲ, ನರಳುವ ರೋಗಿಗಳನ್ನು ದಿನಾ ಸಾಗಿಸುವಂತೆಯೂ ಇಲ್ಲ. ಐಂತೋವನ್ ಎರಡರ ನಡುವೆ ಟೆಲಿಫೋನ್ ತಂತಿ ಎಳೆಸಿದರು. 1905ರ ಮಾರ್ಚಿನಲ್ಲಿ ಮೊದಲ ಎದೆಬಡಿತ ಆ ತಂತಿಯಲ್ಲಿ ಓಡಿತು. ಆ ಗೆರೆಯ ಏರು ಕೊಂಚ ಎತ್ತರವಾಗಿತ್ತಂತೆ. ಪರೀಕ್ಷೆಗೊಳಗಾದ ಗಟ್ಟಿಮುಟ್ಟಾದ ಮನುಷ್ಯ ಪ್ರಯೋಗಾಲಯದಿಂದ ಆಸ್ಪತ್ರೆಗೆ ಸೈಕಲ್ ತುಳಿದು ಬಂದದ್ದೇ ಕಾರಣ ಎಂದು ಹೇಳುವುದುಂಟು. ಮರುವರ್ಷ ಪ್ರಕಟವಾದ ಲೇಖನದಲ್ಲಿ ಐಂತೋವನ್ ಇದನ್ನು ‘ಟೆಲಿಕಾರ್ಡಿಯೋಗ್ರಾಮ್’ ಎಂದು ಕರೆದರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ದೂರವೈದ್ಯವನ್ನು ಇಂಟರ್‌ನೆಟ್ಟಿನ ಕೂಸು ಎಂದುಕೊಂಡವರು ಈ ತಂತಿಯನ್ನು ನೆನಪಿಟ್ಟುಕೊಳ್ಳಬೇಕು.

ಹೀಗೆ ದೂರಕ್ಕೆ ಕಳಿಸುವುದು ಮೊದಲು ಬಂತು. ಮೈಮೇಲೆ ಧರಿಸುವುದಕ್ಕೆ ಇನ್ನೂ ನಾಲ್ಕು ದಶಕ ಕಾಯಬೇಕಾಯಿತು.

ಅಮೆರಿಕದ ಮೊಂಟಾನಾ ರಾಜ್ಯ ಗುಡ್ಡಗಾಡಿನ ಸೀಮೆ. ಅಲ್ಲಿನ ಹೆಲೆನಾ ಊರಿನ ನಾರ್ಮನ್ ಹೋಲ್ಟರ್ ವೈದ್ಯರಲ್ಲ, ಜೀವಭೌತ ವಿಜ್ಞಾನಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಯಲ್ಲಿ ನೌಕಾಪಡೆಗಾಗಿ ದುಡಿದು ಬಂದವರು. ಅವರ ಪ್ರಶ್ನೆ ಬಹಳ ಸರಳ. ಆಸ್ಪತ್ರೆಯ ಮಂಚದ ಮೇಲೆ ಮಲಗಿದವನ ಹೃದಯವನ್ನು ಒಂದರ್ಧ ನಿಮಿಷ ನೋಡಿ, ಅವನು ಕೆಲಸ ಮಾಡುವಾಗ, ಓಡುವಾಗ, ಸಿಟ್ಟಾದಾಗ ಅದು ಹೇಗಿರುತ್ತದೆ ಎಂದು ಹೇಳುವುದು ಯಾವ ಲೆಕ್ಕ? 1940ರ ದಶಕದ ಕೊನೆಗೆ ಅವರು ರೇಡಿಯೋ ಪ್ರಸಾರ ಮಾಡುವ ಇಸಿಜಿಯೊಂದನ್ನು ಬೆನ್ನಿಗೆ ಕಟ್ಟಿಕೊಳ್ಳುವಂತೆ ಮಾಡಿದರು. ತೂಕ 85 ಪೌಂಡ್, ಅಂದರೆ ಸುಮಾರು 38 ಕಿಲೋ. ಅಷ್ಟು ಭಾರ ಹೊತ್ತ ಹೃದಯ ಸಹಜವಾಗಿ ಬಡಿಯುತ್ತಿತ್ತೇ ಎಂದು ಕೇಳಬಹುದು. ಆದರೂ ಮೈಮೇಲಿಂದಲೇ ಬಡಿತ ಗಾಳಿಗೆ ಹತ್ತಿ ಇನ್ನೊಂದೆಡೆ ಇಳಿಯಿತು. ಇಂದಿನ ಪರಿಭಾಷೆಯಲ್ಲಿ ‘ವೇರಬಲ್’ ಎನ್ನುವ ಸಾಧನಗಳ ವಂಶವೃಕ್ಷದ ಬುಡದಲ್ಲಿರುವುದು ಈ 38 ಕಿಲೋದ ಹೊರೆ.

ಟ್ರಾನ್ಸಿಸ್ಟರ್ ಬಂದ ಮೇಲೆ ಹೊರೆ ಇಳಿಯಿತು. 1961ರಲ್ಲಿ ಹೋಲ್ಟರ್ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ವಿಧಾನವನ್ನು ಪ್ರಕಟಿಸುವ ಹೊತ್ತಿಗೆ ಯಂತ್ರ ಚೀಲದಲ್ಲಿ ಹಿಡಿಸುವಷ್ಟು ಸಣ್ಣದಾಗಿತ್ತು. ಆದರೆ ಸಣ್ಣದಾಗುವ ಭರದಲ್ಲಿ ಅದು ರೇಡಿಯೋವನ್ನು ಬಿಟ್ಟು ಟೇಪಿನ ಸುರುಳಿ ಹಿಡಿಯಿತು. ಬಡಿತ ಈಗ ದೂರಕ್ಕೆ ಹೋಗುತ್ತಿರಲಿಲ್ಲ, ಪೆಟ್ಟಿಗೆಯಲ್ಲಿ ಸಂಗ್ರಹವಾಗುತ್ತಿತ್ತು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ‘ಹೋಲ್ಟರ್ ಹಾಕಿಸಿ’ ಎಂದರೆ ಹೆಚ್ಚಾಗಿ ಇದೇ ಕ್ರಮ: ಎದೆಗೆ ಅಂಟುಪಟ್ಟಿಗಳು, ಸೊಂಟಕ್ಕೊಂದು ಡಬ್ಬಿ, ಯಾವಾಗ ಏನಾಯಿತೆಂದು ಬರೆದಿಡಲು ಒಂದು ಹಾಳೆ, ಮತ್ತು ಇಪ್ಪತ್ನಾಲ್ಕು ಗಂಟೆ ಸ್ನಾನ ಬೇಡವೆಂಬ ಕಟ್ಟುನಿಟ್ಟು. ಸಂಜೆ ಹಂಡೆಯ ಬಿಸಿನೀರು ಮೈಗೆ ಬೀಳದೆ ಊಟಕ್ಕೆ ಕೂರದ ದಕ್ಷಿಣ ಕನ್ನಡದ ತೋಟಗಾರನಿಗೆ ಈ ಕೊನೆಯ ಷರತ್ತು ಸಣ್ಣದಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮರುದಿನದ್ದು. ಡಬ್ಬಿಯನ್ನು ಹಿಂದಿರುಗಿಸಲು ಮತ್ತೆ ಬಸ್ಸು ಹತ್ತಬೇಕು, ವರದಿಗೆ ಇನ್ನೊಮ್ಮೆ ಹೋಗಬೇಕು.

*

ದೂರದ ಕಥೆಯನ್ನು ಮುಂದುವರಿಸಿದ್ದು ಬಾಹ್ಯಾಕಾಶದವರು. 1970ರ ದಶಕದಲ್ಲಿ ನಾಸಾ ಸಂಸ್ಥೆ ಅರಿಜೋನಾದ ಮರುಭೂಮಿಯಲ್ಲಿ, ಆಗ ಪಾಪಾಗೊ ಎಂದು ಕರೆಯುತ್ತಿದ್ದ ಮೂಲನಿವಾಸಿಗಳ ಹಳ್ಳಿಗಳಿಗೆ ಇಸಿಜಿ, ಎಕ್ಸ್‌ರೇ ಹೊತ್ತ ವ್ಯಾನು ಕಳಿಸಿ, ಮೈಕ್ರೋವೇವ್ ಸಂಪರ್ಕದಿಂದ ದೂರದ ವೈದ್ಯರಿಗೆ ಜೋಡಿಸಿತು. ಬಾಹ್ಯಾಕಾಶ ಯಾನಿಯ ನಾಡಿ ನೋಡಲು ಕಲಿತದ್ದನ್ನು ನೆಲದ ಮೇಲೆ ಒರೆಗೆ ಹಚ್ಚುವ ಪ್ರಯತ್ನ ಅದು. 1999ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಎವರೆಸ್ಟ್ ಏರುವವರ ಮೈಗೆ ಸಂವೇದಕಗಳನ್ನು ಕಟ್ಟಿ, ನಾಡಿ, ಮೈಬಿಸಿ, ಇರುವ ಜಾಗಗಳ ವಿವರವನ್ನು ಬೇಸ್ ಕ್ಯಾಂಪಿಗೂ ಅಲ್ಲಿಂದ ಅಮೆರಿಕಕ್ಕೂ ತರಿಸಿಕೊಂಡಿತು. ಧರಿಸುವುದು, ಕಳಿಸುವುದು ಅಲ್ಲಿ ಮತ್ತೆ ಒಂದಾದವು. ಆದರೆ ಅದು ಹಿಮಪರ್ವತದ ಮೇಲಿನ ಪ್ರಯೋಗ.

ಭಾರತದಲ್ಲಿ ಇಸ್ರೋ 2001ರಲ್ಲಿ ದೂರವೈದ್ಯ ಯೋಜನೆ ಕೈಗೆತ್ತಿಕೊಂಡಿತು. ಕರ್ನಾಟಕದಲ್ಲಿ ಅದರ ಮೊದಲ ಕೊಂಡಿಗಳು ಬೆಸೆದದ್ದು ಬೆಂಗಳೂರಿನ ಹೊರವಲಯದ ನಾರಾಯಣ ಹೃದಯಾಲಯ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಎಚ್.ಡಿ. ಕೋಟೆ ಸೀಮೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು. ಹೃದಯಾಲಯದ ಸ್ಥಾಪಕ ಡಾ. ದೇವಿ ಶೆಟ್ಟಿ ದಕ್ಷಿಣ ಕನ್ನಡದ ಕಿನ್ನಿಗೋಳಿಯವರು, ಕಲಿತದ್ದು ಮಂಗಳೂರಿನ ಕೆಎಂಸಿಯಲ್ಲಿ. ಆಸ್ಪತ್ರೆಯ ಮಾಡಿನ ಮೇಲೊಂದು ಡಿಶ್, ಒಳಗೊಂದು ಕಂಪ್ಯೂಟರ್, ಕ್ಯಾಮೆರಾ, ಇಸಿಜಿ. ಚಾಮರಾಜನಗರದಲ್ಲಿ ಮಲಗಿದವನ ಗೆರೆ ಇನ್ಸಾಟ್ ಉಪಗ್ರಹದವರೆಗೆ ಹೋಗಿ ಹೃದಯಾಲಯವಿರುವ ಬೊಮ್ಮಸಂದ್ರಕ್ಕೆ ಇಳಿಯುತ್ತಿತ್ತು. ಮುಂದಿನ ವರ್ಷಗಳಲ್ಲಿ ರಾಜ್ಯದ ಇತರ ಜಿಲ್ಲಾ ಆಸ್ಪತ್ರೆಗಳಿಗೂ ಈ ಜಾಲ ಹಬ್ಬಿತು.

ಅದರ ಮಿತಿ ಯಾವುದೆಂದರೆ, ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಇದ್ದ ದಾರಿ. ಡಿಶ್ ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಕಲ್ಲುಗುಂಡಿಯ ಜಿಲ್ಲಾ ಕೇಂದ್ರ ಮಂಗಳೂರು. ಅಷ್ಟು ದೂರ ಹೋದವನಿಗೆ ಉಪಗ್ರಹದ ಅಗತ್ಯವೇ ಇರುವುದಿಲ್ಲ, ತಜ್ಞರು ಎದುರಿಗೇ ಸಿಗುತ್ತಾರೆ.

ಹಳ್ಳಿಯ ಕ್ಲಿನಿಕ್ಕಿಗೆ ಇಸಿಜಿ ಬರಬೇಕಾದರೆ ಯಂತ್ರ ಅಗ್ಗವಾಗಬೇಕಿತ್ತು. ಆ ಕೆಲಸ ಬೆಂಗಳೂರಿನಲ್ಲೇ ಆಯಿತು. ವೈಟ್‌ಫೀಲ್ಡಿನಲ್ಲಿರುವ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾ ಕೇಂದ್ರದವರು ಮ್ಯಾಕ್ 400 ಎಂಬ ಸಣ್ಣ ಯಂತ್ರವನ್ನು ರೂಪಿಸಿದರು. ದೊಡ್ಡ ಯಂತ್ರದ ಹತ್ತಾರು ಗುಂಡಿಗಳು ನಾಲ್ಕಕ್ಕೆ ಇಳಿದವು. ಮುದ್ರಣಕ್ಕೆ ಹೊಸದೇನನ್ನೂ ಕಂಡುಹಿಡಿಯದೆ, ಟಿಕೆಟ್ ಕೊಡುವ ಕೈಯಂತ್ರದಲ್ಲಿರುವಂಥ ಪುಟ್ಟ ಪ್ರಿಂಟರನ್ನೇ ಬಳಸಿಕೊಂಡರು. ಬ್ಯಾಟರಿಯಲ್ಲೂ ನಡೆಯುತ್ತದೆ, ಬೆನ್ನಚೀಲದಲ್ಲಿ ಕೂರುತ್ತದೆ. ಮುಂದೆ ಬಂದ ಮ್ಯಾಕ್ ಐ ಎಂಬುದರಲ್ಲಿ ಒಂದು ಇಸಿಜಿಯ ಖರ್ಚು ಸುಮಾರು 9 ರೂಪಾಯಿ ಎಂದು ಕಂಪನಿ ಹೇಳಿಕೊಂಡಿತು. ಕೈಗಡಿಯಾರಗಳ ಅಬ್ಬರದಲ್ಲಿ ಈ ಟಿಕೆಟ್ ಪ್ರಿಂಟರಿನ ಇಸಿಜಿಗೆ ಸಲ್ಲಬೇಕಾದ ಗೌರವ ಸಂದಿಲ್ಲ. ನಾಡಿನ ಸಣ್ಣ ಕ್ಲಿನಿಕ್ಕುಗಳಿಗೆ ಇಸಿಜಿ ಕಾಲಿಡುವಂತೆ ಮಾಡಿದ್ದು ಇಂಥ ಯಂತ್ರಗಳೇ.

*

ಗೆರೆ ಬಂತು ಸರಿ, ಓದುವವರು ಯಾರು?

ಎಂಬಿಬಿಎಸ್ ಮುಗಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತ ವೈದ್ಯರು ಇಸಿಜಿ ಓದಲಾರರು ಎಂದಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಜೀಪಿನಲ್ಲಿ ಬಂದಿಳಿದ ಐವತ್ತರ ಗಂಡಸು, ಜೊತೆಗೆ ಅಳುವ ಹೆಂಡತಿ, ‘ಗ್ಯಾಸ್ಟ್ರಿಕ್ ಡಾಕ್ಟ್ರೇ, ಸೋಡಾ ಕುಡಿಸಿದೆವು, ಜೀರಿಗೆ ಕಷಾಯ ಕೊಟ್ಟೆವು’ ಎನ್ನುವ ನೆಂಟರು. ಇಂಥ ಹೊತ್ತಿನಲ್ಲಿ ಗೆರೆಯಲ್ಲಿ ಕಂಡದ್ದು ಹೃದಯಾಘಾತವೇ ಅಲ್ಲವೇ ಎಂದು ಒಂಟಿಯಾಗಿ ತೀರ್ಮಾನಿಸುವುದು ಕಠಿಣ. ಹೌದೆಂದು ಮಂಗಳೂರಿಗೆ ಕಳಿಸಿ, ಅಲ್ಲಿ ಏನೂ ಇಲ್ಲವೆಂದಾದರೆ ಊರಿನಲ್ಲಿ ಮರ್ಯಾದೆ ಹೋಗುತ್ತದೆ. ಅಲ್ಲವೆಂದು ಮನೆಗೆ ಕಳಿಸಿದರೆ ಜೀವವೇ ಹೋಗಬಹುದು. ಪದ್ಮನಾಭ ಕಾಮತರ ಗುಂಪು ಈ ಒಂಟಿತನಕ್ಕೆ ಕೈಹಾಕಿತು. ವೈದ್ಯರು ಇಸಿಜಿಯ ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ. ತಜ್ಞರು ನೋಡಿ ಏನು ಮಾಡಬೇಕೆಂದು ಬರೆಯುತ್ತಾರೆ. ಯಂತ್ರವೇ ಇಲ್ಲದ ಕಡೆಗೆ ದಾನಿಗಳ ನೆರವಿನಿಂದ ಯಂತ್ರ ಕೊಡಲಾಯಿತು. ಕರಾವಳಿ, ಮಲೆನಾಡಿನ ಆರೋಗ್ಯ ಕೇಂದ್ರಗಳು, ಖಾಸಗಿ ಕ್ಲಿನಿಕ್ಕುಗಳು, ಜನೌಷಧಿ ಕೇಂದ್ರಗಳಿಗೂ ಅವು ತಲುಪಿದವು.

ಕೇಳಲು ಸಲೀಸು, ಮಾಡಲು ಅಷ್ಟು ಸಲೀಸಲ್ಲ. ಹನ್ನೆರಡು ಲೀಡಿನ, ಅಂದರೆ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡುವ ಇಸಿಜಿಗೆ ಹತ್ತು ತಂತಿಗಳು: ಕೈಕಾಲುಗಳಿಗೆ ನಾಲ್ಕು ಕ್ಲಿಪ್ಪು, ಎದೆಗೆ ಆರು ರಬ್ಬರ್ ಬುಗ್ಗೆಗಳು. ಹೃದಯಾಘಾತವಾದವನ ಮೈ ತಣ್ಣಗೆ ಬೆವರುತ್ತಿರುತ್ತದೆ. ಮಳೆಗಾಲವಾದರೆ ಅಂಗಿ ಮೊದಲೇ ಒದ್ದೆ. ಬುಗ್ಗೆ ಒತ್ತಿ ಇಟ್ಟರೆ ಜಾರುತ್ತದೆ. ಎದೆಗೂದಲಿದ್ದರೆ ಹಿಡಿಯುವುದಿಲ್ಲ. ಬಟ್ಟೆಯಿಂದ ಒರಸಿ, ಜೆಲ್ ಹಚ್ಚಿ, ಕೆಲವೊಮ್ಮೆ ಬ್ಲೇಡಿನಿಂದ ಕೂದಲು ತೆಗೆದು ಮತ್ತೆ ಇಡಬೇಕು. ಚಳಿಗೆ ನಡುಗಿದರೆ ಗೆರೆಯೂ ನಡುಗುತ್ತದೆ. ಎಡಗೈ ಬಲಗೈ ತಂತಿ ಅದಲುಬದಲಾದರೆ ಗೆರೆ ತಲೆಕೆಳಗಾಗಿ ಬೇರೆಯೇ ರೋಗ ಹೇಳುತ್ತದೆ. ಕೊನೆಗೆ ಸೆಕೆಂಡಿಗೆ 25 ಮಿಲಿಮೀಟರಿನಂತೆ ಕೆಂಪು ಚೌಕುಳಿಯ ಕಾಗದ ಹೊರಬರುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಫೋಟೋ ತೆಗೆದರೆ ಹೊಳಪಿನ ಕಾಗದದ ಮೇಲೆ ಬೆಳಕು ಕುಕ್ಕಿ, ನೋಡಬೇಕಾದ ಜಾಗವೇ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಫೋಟೋದ ಜೊತೆ ವಯಸ್ಸು, ಬಿಪಿ, ನೋವು ಶುರುವಾದ ಗಂಟೆ ಇಷ್ಟನ್ನು ಬರೆಯುವುದು ಮುಖ್ಯ. ಅತ್ತಲಿನ ತಜ್ಞರು ಹುಡುಕುವುದು ಎಸ್‌ಟಿ ಎಂಬ ತುಣುಕು ತನ್ನ ಮಟ್ಟ ಬಿಟ್ಟು ಮೇಲೆದ್ದಿದೆಯೇ ಎಂಬುದನ್ನು. ಎದ್ದಿದ್ದರೆ ರಕ್ತನಾಳ ಪೂರ್ತಿ ಕಟ್ಟಿದೆ ಎಂಬ ಶಂಕೆ; ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ಉತ್ತರ ಬಂದ ಮೇಲೆ ಕೆಲಸ ಮತ್ತೆ ಹಳ್ಳಿಯ ವೈದ್ಯರದ್ದೇ. ಆಸ್ಪಿರಿನ್ ಮತ್ತಿತರ ಮಾತ್ರೆಗಳ ‘ಲೋಡಿಂಗ್ ಡೋಸ್’ ಅಲ್ಲೇ ನುಂಗಿಸಿ, ಯಾವ ಆಸ್ಪತ್ರೆಗೆ ಎಂದು ಹೇಳಿ, ಆಂಬುಲೆನ್ಸ್ ಹತ್ತಿಸಬೇಕು. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಗಿ ಅಷ್ಟರಲ್ಲಿ ಹತ್ತು ವರ್ಷವಾಗುತ್ತ ಬಂದಿತ್ತು. 2008ರ ನವೆಂಬರ್ 1ರಂದು ಅದು ರಸ್ತೆಗೆ ಇಳಿದಿತ್ತು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇದ್ದವು. ಅಂದರೆ ಕೊಂಡಿಗಳೆಲ್ಲ ಊರ ಸುತ್ತ ಇದ್ದವು. ಬಿಡಿಬಿಡಿಯಾಗಿದ್ದವು, ಅಷ್ಟೆ. ಜೋಡಿಸಿದ್ದು ಎಲ್ಲರ ಕಿಸೆಯಲ್ಲೂ ಇದ್ದ ಫೋನು, ಮತ್ತು ನಡುರಾತ್ರಿಯಲ್ಲೂ ಅದನ್ನು ತೆರೆದು ನೋಡುವ ಒಬ್ಬ ಡಾಕ್ಟರು.

*

ಕಾನೂನು ಈ ಜೋಡಣೆಯನ್ನು ಸುಲಭವಾಗಿ ಒಪ್ಪಲಿಲ್ಲ. 2018ರ ಜುಲೈಯಲ್ಲಿ, ರತ್ನಾಗಿರಿಯ ರೋಗಿಯೊಬ್ಬರಿಗೆ ಫೋನಿನಲ್ಲೇ ಔಷಧ ಸೂಚಿಸಿದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಆ ರೋಗಿ ತೀರಿಕೊಂಡಿದ್ದರು. ಫೋನಿನಲ್ಲಿ ಮಾತನಾಡಿದರೆ ಜೈಲು ಎಂಬ ಭಯ ದೇಶದ ವೈದ್ಯರಲ್ಲಿ ಹರಡಿತು. ಸ್ಪಷ್ಟ ನಿಯಮವೇ ಇರಲಿಲ್ಲ. ನಿಯಮ ಬರಲು ಒಂದು ಮಹಾಮಾರಿಯೇ ಬೇಕಾಯಿತು. 2020ರ ಮಾರ್ಚ್ 25, ದೇಶಕ್ಕೆ ಬೀಗ ಬಿದ್ದ ಮೊದಲ ದಿನವೇ ಕೇಂದ್ರದ ದೂರವೈದ್ಯ ಮಾರ್ಗಸೂಚಿ ಹೊರಬಂತು: ಫೋನು, ವಿಡಿಯೋ, ಸಂದೇಶಗಳ ಮೂಲಕ ಸಲಹೆ ಕೊಡಬಹುದು, ಯಾವ ಔಷಧ ಕೊಡಬಹುದು, ಯಾವುದು ಕೂಡದು ಎಂಬ ಪಟ್ಟಿಯೊಂದಿಗೆ. ಏಪ್ರಿಲ್ 13ರಂದು ಸರ್ಕಾರದ ದೂರವೈದ್ಯ ವೇದಿಕೆ ಇ-ಸಂಜೀವಿನಿಯ ಹೊರರೋಗಿ ಸೇವೆ ಆರಂಭವಾಯಿತು. 2023ರ ಫೆಬ್ರುವರಿ ಹೊತ್ತಿಗೆ ಇ-ಸಂಜೀವಿನಿಯಲ್ಲಿ ಒಟ್ಟು 10 ಕೋಟಿ ಸಮಾಲೋಚನೆಗಳು ನಡೆದಿದ್ದವು.

ಕೊರೋನಾ ಕಾಲದಲ್ಲಿ ಮೈಮೇಲೆ ಧರಿಸುವ ಸಾಧನವೊಂದು ಯಾವ ಜಾಹೀರಾತೂ ಇಲ್ಲದೆ ಮನೆಮನೆಗೆ ಬಂತು. ಬೆರಳಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರ್. ಅದರ ಮೂಲತತ್ವವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಾಕುವೊ ಅಯೋಯಾಗಿ. ಕೆಂಪು ಮತ್ತು ಅತಿಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿ ಮಿಡಿದಂತೆ ಎರಡರಲ್ಲಿ ಯಾವುದು ಎಷ್ಟು ಹೀರಲ್ಪಟ್ಟಿತು ಎಂದು ನೋಡಿ ರಕ್ತದ ಆಮ್ಲಜನಕ ಲೆಕ್ಕ ಹಾಕುವ ಉಪಾಯ ಅವರದ್ದು. ಆಶಾ ಕಾರ್ಯಕರ್ತೆಯರು ಅದನ್ನು ಚೀಲದಲ್ಲಿಟ್ಟುಕೊಂಡು ತೋಟದ ದಾರಿ, ಸಂಕ ದಾಟಿ ನಡೆದರು. ಬೆರಳಿನ ಮೇಲೆ ಕಂಡ ಅಂಕೆಯನ್ನು ಫೋನಿನಲ್ಲಿ ಹೇಳಿದರೆ ಅತ್ತಲಿಂದ ‘ಆಸ್ಪತ್ರೆಗೆ ಕರೆತನ್ನಿ’ ಅಥವಾ ‘ಮನೆಯಲ್ಲೇ ಇರಲಿ’ ಎಂಬ ತೀರ್ಪು. ಅಯೋಯಾಗಿ ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ, ಜಗತ್ತು ಅವರ ಸಾಧನಕ್ಕಾಗಿ ಅಂಗಡಿಗಳ ಮುಂದೆ ಮುಗಿಬೀಳುತ್ತಿದ್ದಾಗ.

ಅತ್ತಲಿಂದ ತೀರ್ಪು ಬರಬೇಕಾದರೆ ಇತ್ತ ರೇಂಜ್ ಇರಬೇಕಷ್ಟೆ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಒಂದು ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿಗೆ ಕೂತು ಮೊಬೈಲಿನಲ್ಲಿ ಪಾಠ ಕೇಳುವ ಹುಡುಗಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಜನ ಅದನ್ನು ಶಿಕ್ಷಣದ ಚಿತ್ರವೆಂದು ನೋಡಿದರು. ಅದು ಆರೋಗ್ಯದ ಚಿತ್ರವೂ ಹೌದು. ಪಾಠಕ್ಕೆ ಸಿಗದ ನೆಟ್‌ವರ್ಕ್ ಎದೆನೋವಿಗೂ ಸಿಗುವುದಿಲ್ಲ. ಈ ಸೀಮೆಯಲ್ಲಿ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಹೋಗುತ್ತದೆ, ಬ್ಯಾಟರಿ ಇಳಿದ ಮೇಲೆ ಟವರೂ ಸುಮ್ಮನಾಗುತ್ತದೆ. 2022ರಲ್ಲಿ ಕಲ್ಲುಗುಂಡಿಗೆ ಇದರ ಪೂರ್ಣ ಅನುಭವವಾಯಿತು. ಜೂನ್ ಕೊನೆಯಲ್ಲಿ ಸಂಪಾಜೆ ಸುತ್ತ ನೆಲ ಮತ್ತೆ ಮತ್ತೆ ಕಂಪಿಸಿತು. ಆಗಸ್ಟ್ ಮೊದಲ ವಾರ ಘಟ್ಟದಿಂದ ಇಳಿದ ನೀರು ಪೇಟೆಗೇ ನುಗ್ಗಿ ಅಂಗಡಿ, ಮನೆಗಳಲ್ಲಿ ಕೆಸರು ತುಂಬಿತು. ಆಸ್ಪತ್ರೆಗೆ ಹೋಗುವ ರಸ್ತೆ, ವೈದ್ಯರಿಗೆ ಫೋನು ಮಾಡುವ ಟವರು ಎರಡೂ ಕೈಕೊಡಬಹುದಾದ ದಿನಗಳು ಇವೇ. ದೂರವೈದ್ಯ ಹೆಚ್ಚು ಬೇಕಾಗುವುದೂ ಇಂಥ ದಿನಗಳಲ್ಲೇ.

*

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಲವತ್ತಾರರ ಹರೆಯದಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ಕನ್ನಡಿಗರ ಮನೆಗಳಲ್ಲಿ ಎದೆನೋವಿನ ಮಾತು ಬದಲಾಯಿತು. ‘ಗ್ಯಾಸ್’ ಎಂದು ಮಗ್ಗುಲು ಬದಲಿಸುತ್ತಿದ್ದವರು ಇಸಿಜಿಗೆ ಸಾಲುಗಟ್ಟಿದರು. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿತು. ಮಂಗಳೂರಿನಲ್ಲಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು ಬಂದದ್ದನ್ನೇ ಸರ್ಕಾರ ತನ್ನ ವ್ಯವಸ್ಥೆಯೊಳಗೆ ಮಾಡಹೊರಟಂತಿತ್ತು ಅದು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ತಾನಾಗಿಯೇ ಯೋಜನೆಯ ಕೇಂದ್ರಕ್ಕೆ ಹೋಗುತ್ತದೆ. ಬೆಂಗಳೂರಿನ ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ಸ್ಥಾಪಿಸಿದ ಟ್ರೈಕಾಗ್ ಕಂಪನಿಯ ಕೃತಕ ಬುದ್ಧಿಮತ್ತೆ ಮೊದಲು ಜಾಲಾಡುತ್ತದೆ, ತಜ್ಞರು ಖಚಿತಪಡಿಸುತ್ತಾರೆ, ಕೆಲವೇ ನಿಮಿಷಗಳಲ್ಲಿ ಉತ್ತರ. ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುವುದು.

ಈ ಚುಚ್ಚುಮದ್ದಿನ ಮಹತ್ವ ದೂರದ ಊರಿನವರಿಗೇ ಹೆಚ್ಚು. ಹಿಂದೆ ಬಳಸುತ್ತಿದ್ದ ಸ್ಟ್ರೆಪ್ಟೋಕೈನೇಸನ್ನು ಡ್ರಿಪ್ಪಿನಲ್ಲಿ ಸುಮಾರು ಒಂದು ಗಂಟೆ ಹನಿಸಬೇಕಿತ್ತು. ಟೆನೆಕ್ಟೆಪ್ಲೇಸ್ ರೋಗಿಯ ತೂಕಕ್ಕೆ ತಕ್ಕಂತೆ ಒಂದೇ ಸಲಕ್ಕೆ ಕೊಡುವಂಥದ್ದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ನೋವು ಶುರುವಾಗಿ ಹನ್ನೆರಡು ಗಂಟೆಯೊಳಗೆ ಕೊಡಬಹುದಾದರೂ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಸಿಗುವ ಲಾಭವೇ ಬೇರೆ. ಬೆಲೆ ಹತ್ತಾರು ಸಾವಿರ ರೂಪಾಯಿ. ಬಡವನ ಮನೆಯವರು ಹಣ ಹೊಂದಿಸುವಷ್ಟರಲ್ಲಿ ಆ ಗಂಟೆಗಳು ಮುಗಿದಿರುತ್ತಿದ್ದವು. 2025ರ ನಡುವಿನಲ್ಲಿ ಹಾಸನ ಜಿಲ್ಲೆಯ ಸಾಲುಸಾಲು ಹಠಾತ್ ಸಾವುಗಳ ಸುದ್ದಿ ಹಬ್ಬಿ, ಮೈಸೂರಿನ ಜಯದೇವದ ಮುಂದೆ ನಸುಕಿನಲ್ಲೇ ಜನ ಸಾಲು ನಿಂತಾಗ, ಯೋಜನೆಯನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವ ಮಾತು ಸರ್ಕಾರದಿಂದ ಬಂತು.

ಧರಿಸುವ ಕಂಪ್ಯೂಟರಿನ ಕಥೆ ಏನಾಯಿತು? ಅದೂ ಬೆಳೆಯುತ್ತಿದೆ. ಬೆಂಗಳೂರಿನ ಕಾರ್ಡಿಯಾಕ್ ಡಿಸೈನ್ ಲ್ಯಾಬ್ಸ್ ದಿನಗಟ್ಟಲೆ ಎದೆಗೆ ಅಂಟಿಸಿಕೊಂಡು ಓಡಾಡಬಹುದಾದ ಪಟ್ಟಿಯನ್ನು ತಯಾರಿಸಿದೆ. ಹೋಲ್ಟರರ 38 ಕಿಲೋ ಈಗ ಅಂಗಿಯ ಒಳಗೆ ಮರೆಯಾಗುವಷ್ಟಾಗಿದೆ. ಡೋಜಿ ಎಂಬ ಬೆಂಗಳೂರಿನದೇ ಸಾಧನವನ್ನು ಹಾಸಿಗೆಯ ಅಡಿಯಲ್ಲಿಟ್ಟರೆ ಮೈಮುಟ್ಟದೆಯೇ ಉಸಿರು, ಬಡಿತಗಳನ್ನು ಎಣಿಸುತ್ತದೆ. ಎಲ್ಲಕ್ಕಿಂತ ಮುದ್ದಾದದ್ದು ಬೆಂಪು ಕಂಪನಿಯ ಪುಟ್ಟ ಕೈಪಟ್ಟಿ. ತೂಕ ಕಡಿಮೆಯಿರುವ ನವಜಾತ ಶಿಶುವಿನ ಮಣಿಕಟ್ಟಿಗೆ ಕಟ್ಟಿದರೆ ಮೈಬಿಸಿ ಸರಿಯಿರುವವರೆಗೆ ನೀಲಿ ದೀಪ ಮಿಣುಕುತ್ತದೆ, ಮಗು ತಣ್ಣಗಾದರೆ ಕಿತ್ತಳೆ ದೀಪ ಹತ್ತಿ ಸದ್ದು ಮಾಡುತ್ತದೆ. ಅದಕ್ಕೆ ನೆಟ್‌ವರ್ಕೂ ಬೇಡ, ತಜ್ಞರೂ ಬೇಡ. ಮಗುವನ್ನು ಎದೆಗವಚಿ ಬೆಚ್ಚಗೆ ಮಾಡಲು ತಾಯಿಯೊಬ್ಬಳು ಸಾಕು. ಉತ್ತರ ಕೊಡುವವರು ಕೈಯಳತೆಯಲ್ಲಿ ಇರುವುದರಿಂದಲೇ ಅದು ಗೆದ್ದಿದೆ.

ಇಸಿಜಿ ಕೈಗಡಿಯಾರದ ವಿಚಾರ ಬೇರೆ. ಅದು ಹಿಡಿಯುವುದು ಒಂದೇ ಲೀಡು, ಹೃದಯವನ್ನು ನೋಡುವುದು ಒಂದೇ ದಿಕ್ಕಿನಿಂದ. ಲಯ ತಪ್ಪಿದ ಬಡಿತವನ್ನು, ಮುಖ್ಯವಾಗಿ ಏಟ್ರಿಯಲ್ ಫಿಬ್ರಿಲೇಶನ್ ಎಂಬುದನ್ನು ಗುರುತಿಸುವುದರಲ್ಲಿ ಅದು ಉಪಯುಕ್ತ. ಆದರೆ ಹೃದಯಾಘಾತವನ್ನು ಅದು ಪತ್ತೆ ಮಾಡಲಾರದು. ಇದನ್ನು ಕಂಪನಿಯೇ ತನ್ನ ಸೂಚನೆಗಳಲ್ಲಿ ಬರೆದಿದೆ, ಓದುವವರು ಕಡಿಮೆ. ಹಬ್ಬಕ್ಕೆ ಊರಿಗೆ ಬಂದ ಬೆಂಗಳೂರಿನ ಮಗ ಅಪ್ಪನ ಕೈಗೆ ಕಟ್ಟಿ ಹೋದ ವಾಚಿನಲ್ಲಿ ‘ಸಹಜ’ ಎಂದು ತೋರಿಸಿತೆಂಬ ಧೈರ್ಯದಲ್ಲಿ ನೋವನ್ನು ನುಂಗಿ ಕೂತರೆ, ಕಳೆದುಹೋಗುವುದು ಚುಚ್ಚುಮದ್ದು ಕೆಲಸ ಮಾಡಬಲ್ಲ ಆ ಒಂದೆರಡು ಗಂಟೆಗಳೇ.

ಆದುದರಿಂದ ಕಲ್ಲುಗುಂಡಿ, ಸಂಪಾಜೆ, ಅರಂತೋಡು, ಗುತ್ತಿಗಾರು ಸುತ್ತಲಿನ ಓದುಗರಲ್ಲಿ ಒಂದು ವಿನಂತಿ. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ ವಾಚು ನೋಡುತ್ತ ಕೂರಬೇಡಿ, ಸೋಡಾ ತರಿಸಬೇಡಿ. 108ಕ್ಕೆ ಕರೆ ಮಾಡಿ. ರೇಂಜ್ ಇಲ್ಲದಿದ್ದರೆ ನೆರೆಮನೆಯ ಜೀಪನ್ನೇ ಎಬ್ಬಿಸಿ. ನಿಮ್ಮ ಮನೆಗೆ ಹತ್ತಿರದಲ್ಲಿ ಹನ್ನೆರಡು ಲೀಡಿನ ಇಸಿಜಿ ಎಲ್ಲಿದೆ, ರಾತ್ರಿ ಅಲ್ಲಿ ಯಾರಿರುತ್ತಾರೆ, ಕರೆಂಟು ಹೋದರೆ ಅದು ಬ್ಯಾಟರಿಯಲ್ಲಿ ನಡೆಯುತ್ತದೆಯೇ ಎಂದು ಮಳೆಗಾಲ ಶುರುವಾಗುವ ಮೊದಲೇ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆಯ ಹೊಂಡದ ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಎತ್ತಿ.